ಶೇಂಗಾಕ್ಕ ದರ ಏರಿತು, ಹೆಸರಿಗೆ ಯಾಕ ಏರಲಿಲ್ಲ?

ಕಂಪ್ಯೂಟರ್ ಟೆಂಡರಿನ ಲಾಭ ಎಲ್ಲ ಮಾಲಿಗೂ ಸಿಕ್ಕಿಲ್ಲ – ತಾಲೀಮಿಲ್ಲದ ಸುಧಾರಣೆಗೆ ಅರ್ಧ ಫಲ

ಗದಗ: ಎಪಿಎಂಸಿಗೆ ಕಂಪ್ಯೂಟರ್ ಟೆಂಡರ್ ಬಂತು, ಇನ್ನು ರೈತನ ಮಾಲಿಗೆ ತಕ್ಕ ದರ ತಾನಾಗಿಯೇ ಬರುತ್ತದೆ ಎಂದು ಹೇಳಿದವರು ಬಹಳ ಮಂದಿ. ಬಂದಿತೇ? ಶೇಂಗಾಕ್ಕೆ ಬಂತು. ಗೋವಿನಜೋಳಕ್ಕೆ ಬಂತು. ಭತ್ತಕ್ಕೂ ಬಂತು. ಆದರೆ ಹೆಸರಿಗೆ ಬರಲಿಲ್ಲ, ಹತ್ತಿಗೆ ಬರಲಿಲ್ಲ, ತೊಗರಿಗೂ ಬರಲಿಲ್ಲ. ಇದು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಂತವರ ಹರಟೆಯಲ್ಲ. ಇಡೀ ರಾಜ್ಯದ ಮಾರುಕಟ್ಟೆಗಳ ಲೆಕ್ಕ ಜಾಲಾಡಿ ನೋಡಿದ ಪಂಡಿತರು 2020ರಲ್ಲಿ ಅಚ್ಚು ಹಾಕಿಸಿದ ಮಾತು.

ಗದಗ ಸೀಮೆಗೆ ಈ ಮಾತು ನೇರವಾಗಿ ತಟ್ಟುತ್ತದೆ. ಇಲ್ಲಿಯ ಎರೆಹೊಲದಲ್ಲಿ ಮುಂಗಾರಿಗೆ ಮೊದಲು ಕೈಗೆ ಹತ್ತುವ ರೊಕ್ಕದ ಬೆಳೆ ಹೆಸರು. ಗಣಪತಿ ಹಬ್ಬದ ಆಸುಪಾಸು ಅದು ಪೇಟೆಗೆ ಬರುತ್ತದೆ. ಹೆಸರು ಮಾರಿದ ರೊಕ್ಕದಲ್ಲಿಯೇ ಅಂಗಡಿಯ ಉದ್ರಿ ತೀರಬೇಕು, ಹಿಂಗಾರಿ ಬೀಜ ಗೊಬ್ಬರ ಬರಬೇಕು, ಮಕ್ಕಳಿಗೆ ದೀಪಾವಳಿ ಅರಿವೆ ಆಗಬೇಕು. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಅದರ ಬಿಸಿ ಮುಂಡರಗಿಯ ಹೊಲಕ್ಕಷ್ಟೇ ಅಲ್ಲ, ಲಕ್ಷ್ಮೇಶ್ವರದ ಕಿರಾಣಿ ಅಂಗಡಿಗೂ, ಬೆಟಗೇರಿಯ ಸೀರೆ ಅಂಗಡಿಗೂ ಮುಟ್ಟುತ್ತದೆ.

ಚೀಟಿಯಿಂದ ಪರದೆಗೆ

ಹಿಂದಿನ ಪದ್ಧತಿ ಹಳಬರಿಗೆ ನೆನಪಿದೆ. ಚೀಲದ ಬಾಯಿ ಬಿಚ್ಚಿ ರಾಶಿ ಹಾಕುವುದು, ಖರೀದಿದಾರರು ಅಂಗೈ ತುಂಬ ಕಾಳು ತೆಗೆದು ಹಲ್ಲಿಗೆ ಕಚ್ಚಿ ನೋಡುವುದು, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವುದು. ಆಮೇಲೆ ಚೀಟಿ ಬಿಚ್ಚಿ, ಯಾರದು ಹೆಚ್ಚೋ ಅವರಿಗೆ ಮಾಲು. ಚೀಟಿ ಬಿಚ್ಚುವವರ ಮೇಲೆ ವಿಶ್ವಾಸ ಇದ್ದರೆ ಸರಿ, ಇಲ್ಲದಿದ್ದರೆ ಗದ್ದಲ. ನೂರಾರು ರಾಶಿಗಳ ಚೀಟಿ ಬಿಚ್ಚಿ ಬರೆಯುವಷ್ಟರಲ್ಲಿ ಸಂಜೆ. ಊರಿಗೆ ಹೋಗುವ ಬಸ್ಸು ತಪ್ಪಿದ ರೈತ ಚೀಲದ ಮೇಲೆಯೇ ಮಲಗಬೇಕು.

ಕರ್ನಾಟಕ ಸರಕಾರ 2014ರ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ವ್ಯವಸ್ಥೆ ತಂದಿತು. ಇದನ್ನು ನಡೆಸಲಿಕ್ಕೆ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೊಂದಿಗೆ ಕೂಡಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬ ಕಂಪನಿ ಕಟ್ಟಿತು. ಗೇಟಿನಲ್ಲಿ ಮಾಲಿನ ನೋಂದಣಿ, ಪ್ರತಿ ರಾಶಿಗೆ ಒಂದು ಲಾಟ್ ನಂಬರು. ಖರೀದಿದಾರ ರಾಶಿ ನೋಡಿ ಬಂದು, ಗೊತ್ತಾದ ವೇಳೆಯೊಳಗೆ ಕಂಪ್ಯೂಟರಿನಲ್ಲಿ ದರ ಹಾಕಬೇಕು. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ವೇಳೆ ಮುಗಿದ ಕೂಡಲೇ ಯಾವ ಲಾಟು ಯಾರಿಗೆ ಎಂದು ಯಂತ್ರವೇ ಹೇಳುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲ ಎನ್ನುವ ಹಕ್ಕು ರೈತನಿಗೆ ಇದೆ. ಒಂದೇ ಲೈಸನ್ಸಿನ ಮೇಲೆ ಬೇರೆ ಊರಿನ ಖರೀದಿದಾರರೂ ಇಲ್ಲಿಯ ಮಾಲಿಗೆ ದರ ಹಾಕಬಹುದು ಎಂಬುದು ಇದರ ಮುಖ್ಯ ಆಸೆ. ಪೇಟೆಗೆ ಖರೀದಿದಾರರು ಹೆಚ್ಚಿದಷ್ಟೂ ದರ ಹೆಚ್ಚೀತು ಎಂಬುದು ಲೆಕ್ಕ.

ರಾಜ್ಯದ ಮಾರುಕಟ್ಟೆಗಳು ಒಂದೊಂದಾಗಿ ಈ ವೇದಿಕೆಗೆ ಬಂದವು. 2019ರ ನವೆಂಬರ್ ಹೊತ್ತಿಗೆ ಅದರ ಮೂಲಕ 6.28 ಕೋಟಿ ಟನ್ ಮಾಲು ಕೈ ಬದಲಾಯಿಸಿತ್ತು. ಅದರ ಬೆಲೆ 2,170 ಕೋಟಿ ಡಾಲರ್, ಅಂದರೆ ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ.

ಲೆಕ್ಕ ಏನು ಹೇಳಿತು

ಚೀಟಿಗೂ ಕಂಪ್ಯೂಟರಿಗೂ ದೊಡ್ಡ ಅಂತರ ಒಂದೇ. ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ, ಕಂಪ್ಯೂಟರಿನ ಲೆಕ್ಕ ಉಳಿಯುತ್ತದೆ. ಯಾವ ದಿನ ಯಾವ ಲಾಟಿಗೆ ಎಷ್ಟು ಜನ ದರ ಹಾಕಿದರು, ಎಷ್ಟು ಹಾಕಿದರು ಎಲ್ಲವೂ ಅಲ್ಲಿ ಕುಂತಿರುತ್ತದೆ. ಈ ಲೆಕ್ಕವನ್ನು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ರೆಟ್ಸೆಫ್ ಲೆವಿ, ಕರೆನ್ ಝೆಂಗ್, ಅವರ ಜೊತೆಗಾರ ಸಂಶೋಧಕ ಸೋಮ್ಯ ಸಿಂಘ್ವಿ ಹಾಗೂ ವೇದಿಕೆ ನಡೆಸುವ ಕಂಪನಿಯ ಮನೋಜ್ ರಾಜನ್ ಕೂಡಿ ಪರೀಕ್ಷೆ ಮಾಡಿದರು. ಅವರ ಲೇಖನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2020ರಲ್ಲಿ ಬಂತು.

ಅವರು ಕಂಡದ್ದು ಇಷ್ಟು: ವೇದಿಕೆ ಬಂದದ್ದರಿಂದ ಭತ್ತದ ದರ ಶೇಕಡಾ 5.1, ಶೇಂಗಾದ್ದು 3.6, ಗೋವಿನಜೋಳದ್ದು 3.5 ಏರಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ.

ನೂರಕ್ಕೆ ಮೂರು ನಾಲ್ಕು ಎಂದರೆ ಏನು ಮಹಾ ಎಂದು ಮೂಗು ಮುರಿಯುವ ಹಾಗಿಲ್ಲ. ಅಂಗಡಿ ನಡೆಸುವವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಕ್ವಿಂಟಲ್ ಮಾಲು 6,000 ರೂಪಾಯಿಗೆ ಹೋಯಿತು, ಖರ್ಚು 5,700 ಬಿದ್ದಿತ್ತು ಎಂದು ಇಟ್ಟುಕೊಳ್ಳಿ. ಉಳಿದದ್ದು 300. ದರ ನೂರಕ್ಕೆ ನಾಲ್ಕು ಏರಿದರೆ 240 ರೂಪಾಯಿ ಹೆಚ್ಚು ಬಂತು, ಖರ್ಚು ಅಷ್ಟೇ ಇದೆ. ಉಳಿದದ್ದು ಈಗ 540. ದರ ಏರಿದ್ದು ನೂರಕ್ಕೆ ನಾಲ್ಕು, ಲಾಭ ಏರಿದ್ದು ನೂರಕ್ಕೆ ಎಂಬತ್ತು! ದರ ಏರಿದ ಆ ಮೂರು ಬೆಳೆಗಳ ರೈತರ ಲಾಭದ ಅಂಶ ಶೇಕಡಾ 36ರಿಂದ 159ರ ವರೆಗೆ ಸುಧಾರಿಸಬಹುದು ಎಂದು ಆ ಲೇಖನ ಅಂದಾಜು ಮಾಡಿದ್ದು ಈ ಕಾರಣಕ್ಕೇ. ಹೆಸರು ಬೆಳೆದವನಿಗೆ ತಪ್ಪಿದ್ದು ಎಷ್ಟು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಹೆಸರಿಗೆ ಯಾಕ ಹತ್ತಲಿಲ್ಲ?

ಯಂತ್ರ ಒಂದೇ, ಕಾಯಿದೆ ಒಂದೇ, ಫಲ ಮಾತ್ರ ಬೇರೆ. ಸಂಶೋಧಕರು ನಾಲ್ಕು ಕಡೆ ಕಾರಣ ಹುಡುಕಿದರು. ಮಾಲು ಸಾಗಿಸುವ ತೊಂದರೆ ಒಂದು. ದರ ಹಾಕುವ ಕೆಲಸ ಎಷ್ಟು ಸಲೀಸು ಎಂಬುದು ಎರಡು. ಖರೀದಿ ಎಷ್ಟು ಮಂದಿಯ ಕೈಯಲ್ಲಿದೆ ಎಂಬುದು ಮೂರು. ದರ ಗೊತ್ತುಮಾಡುವ ಪದ್ಧತಿ ನಾಲ್ಕು. ದರ ಏರಿದ ಮಾಲಿಗೂ ಏರದ ಮಾಲಿಗೂ ಈ ವಿಷಯಗಳಲ್ಲಿ ಏನು ವ್ಯತ್ಯಾಸ ಎಂದು ಹೋಲಿಸಿ ನೋಡಿದರು.

ಪೇಟೆ ಬಲ್ಲವರಿಗೆ ಇದು ಹೊಸದಲ್ಲ. ಹೆಸರು ಬರುವುದು ಮಳೆಗಾಲದಲ್ಲಿ. ಕಾಳು ಹಸಿ ಇದ್ದರೆ ಪ್ರತಿ ರಾಶಿಯ ಗುಣ ಬೇರೆ ಬೇರೆ. ದೂರದ ಊರಿನ ಖರೀದಿದಾರ ಪರದೆ ನೋಡಿ ದರ ಹಾಕಲಿಕ್ಕೆ ಹೆದರುತ್ತಾನೆ, ಕೈಯಲ್ಲಿ ಹಿಡಿದು ನೋಡಿದವನೇ ಹಾಕುತ್ತಾನೆ. ಹಾಗಾದಾಗ ರಾಜ್ಯಕ್ಕೆಲ್ಲ ಬಾಗಿಲು ತೆಗೆದ ವೇದಿಕೆಯಲ್ಲಿಯೂ ದರ ಹಾಕುವವರು ಅದೇ ಹಳೆಯ ಮಂದಿ. ಸುಗ್ಗಿಯ ಭರದಲ್ಲಿ ಲಾಟುಗಳ ರಾಶಿಯೇ ಬೀಳುತ್ತದೆ, ದರ ಹಾಕುವ ವೇಳೆ ಮಾತ್ರ ಅಷ್ಟೇ. ಒಬ್ಬ ಖರೀದಿದಾರ ಎಷ್ಟು ರಾಶಿ ನೋಡಿಯಾನು? ಕೆಲವು ಲಾಟಿಗೆ ಎಂಟು ಹತ್ತು ದರ ಬಿದ್ದರೆ ಕೆಲವಕ್ಕೆ ಒಂದೋ ಎರಡೋ. ಒಂದೇ ದರ ಬಿದ್ದ ಲಾಟಿಗೆ ಟೆಂಡರ್ ಎನ್ನುವುದು ಹೆಸರಿಗಷ್ಟೇ.

ಸುದ್ದಿ ತಿಳಿದರೆ ಸಾಲದು, ಅದರಂತೆ ನಡೆಯುವ ಅನುಕೂಲವೂ ಬೇಕು ಎಂಬುದಕ್ಕೆ ಕಾಸರಗೋಡಿನ ಕಡಲ ದಂಡೆಯ ಉದಾಹರಣೆ ಇದೆ. 1997ರಿಂದ 2001ರ ಹೊತ್ತಿಗೆ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಿಗೆ ಮೊಬೈಲ್ ಫೋನ್ ಬಂತು. ಮೀನುಗಾರರು ದೋಣಿಯಲ್ಲಿದ್ದೇ ಯಾವ ದಂಡೆಯಲ್ಲಿ ಬೂತಾಯಿಗೆ ಎಷ್ಟು ದರ ಎಂದು ಕೇಳಿಕೊಂಡು ಅತ್ತ ತಿರುಗತೊಡಗಿದರು. ಮಾರಾಟವಾಗದೆ ಚೆಲ್ಲುವ ಮೀನು ಇಲ್ಲವೇ ಇಲ್ಲ ಎನ್ನುವಂತಾಯಿತು. ಮೀನುಗಾರರ ಲಾಭ ಶೇಕಡಾ 8 ಏರಿತು, ಕೊಳ್ಳುವವರಿಗೆ ದರ ಶೇಕಡಾ 4 ಇಳಿಯಿತು ಎಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಬರೆದ. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಲಾಭ.

ಆದರೆ ದೋಣಿ ತಿರುಗಿಸಿದ ಹಾಗೆ ಟ್ರ್ಯಾಕ್ಟರ್ ತಿರುಗಿಸಲಿಕ್ಕೆ ಬರುವುದಿಲ್ಲ. ಶಿರಹಟ್ಟಿ ಕಡೆಯ ರೈತ ಬಾಡಿಗೆ ಕೊಟ್ಟು ಹೆಸರು ಗದಗಕ್ಕೆ ತಂದು ರಾಶಿ ಹಾಕಿದ ಮೇಲೆ, ಲಕ್ಷ್ಮೇಶ್ವರದಲ್ಲಿ ಐವತ್ತು ರೂಪಾಯಿ ಹೆಚ್ಚು ಹೋಗಿದೆ ಎಂದು ಮೊಬೈಲಿನಲ್ಲಿ ತಿಳಿದರೆ ಏನು ಮಾಡಬೇಕು? ಮತ್ತೆ ಚೀಲ ತುಂಬಿ, ಮತ್ತೆ ಹಮಾಲಿ, ಮತ್ತೆ ಬಾಡಿಗೆ ಕೊಡುವುದಕ್ಕಿಂತ ‘ಹೋಗ್ಲಿ ಬಿಡು, ಕೊಟ್ಟುಬಿಡೋಣು’ ಎನ್ನುತ್ತಾನೆ. ಕೇಂದ್ರ ಸರಕಾರ 2025-26ಕ್ಕೆ ಹೆಸರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಅದು ಅವನಿಗೆ ಗೊತ್ತಿಲ್ಲದ ಅಂಕಿಯೇನಲ್ಲ. ಗೊತ್ತಿದ್ದೂ ಕೈಗೆ ಹತ್ತದಿರುವುದೇ ತೊಂದರೆ.

ಪರದೆ ಎತ್ತುವ ಮೊದಲು ತಾಲೀಮು

ನಾಟಕ ಕಂಪನಿಯವರು ತಾಲೀಮಿಲ್ಲದೆ ಪರದೆ ಎತ್ತುವುದಿಲ್ಲ. ವ್ಯವಹಾರಕ್ಕೂ ಇಂಥ ತಾಲೀಮು ಇದೆ. ಹೊಸ ಪದ್ಧತಿಯನ್ನು ಪೇಟೆಗೆ ತರುವ ಮೊದಲು ಕಾಗದದ ಮೇಲೆ, ಕಂಪ್ಯೂಟರಿನೊಳಗೆ ನಡೆಸಿ ನೋಡುವುದು. ತಿಳಿದವರು ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ.

ಅದೇ ಸಂಶೋಧಕರು ಮುಂದಿನ ಹೆಜ್ಜೆಯಾಗಿ ಮಾಡಿದ್ದು ಇಂಥದ್ದೇ ಕೆಲಸ. ಮೊದಲು ಖರೀದಿದಾರರನ್ನು ಕಂಡು ಮಾತಾಡಿಸಿದರು. ಯಾವ ರಾಶಿಗೆ ಎಷ್ಟು ಹಾಕಬೇಕೆಂದು ಹೇಗೆ ಗೊತ್ತುಮಾಡುತ್ತೀರಿ, ಎಲ್ಲಿ ಕೈ ಹಿಡಿಯುತ್ತೀರಿ ಎಂದು ಕೇಳಿದರು. ಅದನ್ನೆಲ್ಲ ಗಣಿತದ ಮಾದರಿಯಾಗಿ ಕಟ್ಟಿ, ಟೆಂಡರಿನ ನಿಯಮ ಬದಲಿಸಿದರೆ ಅವರು ಹೇಗೆ ನಡೆದುಕೊಂಡಾರು ಎಂದು ತರ್ಕ ಮಾಡಿದರು. ಕಡೆಗೆ ಎರಡು ಸುತ್ತಿನ ಟೆಂಡರ್ ಆರಿಸಿದರು.

ಪದ್ಧತಿ ಸರಳ. ಮೊದಲ ಸುತ್ತಿನಲ್ಲಿ ಎಂದಿನಂತೆ ಗುಟ್ಟಾಗಿ ದರ. ಪ್ರತಿ ಲಾಟಿನಲ್ಲಿ ಮುಂದೆ ಬಂದ ಕೆಲವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ದರ ಏರಿಸುವ ಅವಕಾಶ. ಮೊದಲ ಸುತ್ತಿನಲ್ಲಿ ತೀರ ಕಡಿಮೆ ಹಾಕಿದವನು ಹೊರಗೆ. ನೂರಾರು ಲಾಟುಗಳ ನಡುವೆ ದಿಕ್ಕು ತಪ್ಪುವ ಖರೀದಿದಾರನಿಗೂ ಯಾವ ಲಾಟಿನ ಮೇಲೆ ಗಮನ ಇಡಬೇಕೆಂದು ತಿಳಿಯುತ್ತದೆ.

2019ರ ಫೆಬ್ರವರಿಯಲ್ಲಿ ಕರ್ನಾಟಕದ ಬೇಳೆಕಾಳಿನ ಒಂದು ದೊಡ್ಡ ಮಾರುಕಟ್ಟೆಯಲ್ಲಿ ಇದು ಜಾರಿಗೆ ಬಂತು. ಮೇ ಮುಗಿಯುವಷ್ಟರಲ್ಲಿ 60 ಲಕ್ಷ ಡಾಲರಿಗೂ ಮಿಕ್ಕಿದ, ಅಂದರೆ ನಲವತ್ತು ಕೋಟಿ ರೂಪಾಯಿ ದಾಟಿದ ಮಾಲು ಹೀಗೆ ಮಾರಾಟವಾಯಿತು. ದರ ಶೇಕಡಾ 4.7 ಏರಿತು, 10,000ಕ್ಕೂ ಹೆಚ್ಚು ರೈತರಿಗೆ ಅದು ಮುಟ್ಟಿತು. ಹೊಸ ಕಟ್ಟಡ ಕಟ್ಟಲಿಲ್ಲ, ಹೊಸ ಯಂತ್ರ ತರಲಿಲ್ಲ. ಬದಲಾದದ್ದು ನಿಯಮ ಒಂದೇ.

ಅರ್ಧ ನಿಮಿಷದ ಆಟ

ತಾಲೀಮಿನ ಮರ್ಮ ತಿಳಿಯಲಿಕ್ಕೆ ಎಂಐಟಿಗೇ ಹೋಗಬೇಕಾಗಿಲ್ಲ. 1946ರಲ್ಲಿ ಅಮೆರಿಕದಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಜಡ್ಡಿನಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ. ಆಟ ಗೆಲ್ಲುವ ಸಂಭವ ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ಬೇಸತ್ತ. ನೂರು ಸಲ ಎಲೆ ಹಾಕಿ ಎಷ್ಟು ಸಲ ಗೆದ್ದೆನೆಂದು ಎಣಿಸಿದರೆ ಆಯಿತಲ್ಲ ಎಂದು ಹೊಳೆಯಿತು. ಅಲ್ಲಿಂದ ಹುಟ್ಟಿದ ‘ಮಾಂಟೆ ಕಾರ್ಲೋ’ ಪದ್ಧತಿಯನ್ನು ಇಂದು ಬ್ಯಾಂಕಿನಿಂದ ಬಂದರಿನವರೆಗೆ ಎಲ್ಲ ಕಡೆ ಬಳಸುತ್ತಾರೆ.

ಪೇಟೆಯ ತೂಕದ ಕಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಸರಾಸರಿ ಐದು ನಿಮಿಷಕ್ಕೊಂದು ಗಾಡಿ ಬರುತ್ತದೆ, ತೂಗಿ ಬರೆದುಕೊಳ್ಳಲಿಕ್ಕೆ ಸರಾಸರಿ ನಾಲ್ಕು ನಿಮಿಷ. ಒಂದು ನಿಮಿಷ ಬಿಡುವು ಉಂಟಲ್ಲ, ಸಾಲು ಯಾಕೆ ಬೆಳೆಯಬೇಕು ಎನ್ನಿಸುತ್ತದೆ. ಆದರೆ ಗಾಡಿಗಳು ಗಡಿಯಾರ ನೋಡಿ ಬರುವುದಿಲ್ಲ. ಬರುವುದೂ ತೂಗುವುದೂ ಪೂರಾ ಏರುಪೇರು ಎಂದು ಇಟ್ಟುಕೊಂಡರೆ ಒಂದು ಗಾಡಿ ಸರಾಸರಿ 16 ನಿಮಿಷ ಕಾಯುತ್ತದೆ. ತೂಗುವ ಕೆಲಸ ಅರ್ಧ ನಿಮಿಷ ತಡವಾಗಿ ನಾಲ್ಕೂವರೆ ನಿಮಿಷ ಹಿಡಿದರೆ ಕಾಯುವುದು 40 ನಿಮಿಷ! ಅರ್ಧ ನಿಮಿಷ ಉಳಿಸಿ ಮೂರೂವರೆಗೆ ತಂದರೆ ಎಂಟೇ ನಿಮಿಷ. ಎರಡನೆಯ ತೂಕದ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವ ಮೊದಲು, ರಸೀದಿ ಬರೆಯುವ ಅರ್ಧ ನಿಮಿಷ ಎಲ್ಲಿ ಉಳಿದೀತು ಎಂದು ನೋಡುವುದು ಜಾಣತನ.

ಬಸ್ಸಿಗೆ ಕಾಯುವವರ ಲೆಕ್ಕ

ಬಸ್ ನಿಲ್ದಾಣದಲ್ಲಿ ನಿಂತವರಿಗೂ ಇದೇ ಗಣಿತ. ತಾಸಿಗೆ ಎರಡು ಬಸ್ಸು ಎಂದು ವೇಳಾಪಟ್ಟಿ ಹೇಳುತ್ತದೆ. ಅರ್ಧ ತಾಸಿಗೊಂದು ಬಂದರೆ ಪ್ರಯಾಣಿಕ ಸರಾಸರಿ 15 ನಿಮಿಷ ಕಾಯುತ್ತಾನೆ. ಐದು ನಿಮಿಷದ ಅಂತರದಲ್ಲಿ ಎರಡೂ ಒಂದರ ಬೆನ್ನಿಗೆ ಒಂದು ಬಂದು, ಆಮೇಲೆ 55 ನಿಮಿಷ ಏನೂ ಇಲ್ಲದಿದ್ದರೆ ಸರಾಸರಿ 25 ನಿಮಿಷ. ಬಸ್ಸು ಅಷ್ಟೇ, ಡೀಸೆಲ್ಲು ಅಷ್ಟೇ, ಬೈಗುಳ ಮಾತ್ರ ಹೆಚ್ಚು. ಮುಂದಿನ ಬಸ್ಸಿನಲ್ಲಿ ಜೋತಾಡುವಷ್ಟು ಮಂದಿ, ಹಿಂದಿನದರಲ್ಲಿ ಸೀಟು ಖಾಲಿ. ಮುಂಡರಗಿ, ಶಿರಹಟ್ಟಿ ದಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಸರಿಪಡಿಸುವ ಸಾಮಾನು ಕಂಡಕ್ಟರ ಕೊರಳಲ್ಲಿಯೇ ತೂಗುತ್ತಿದೆ. ಟಿಕೆಟ್ ಯಂತ್ರ ಹರಿದುಕೊಡುವ ಪ್ರತಿ ಚೀಟಿಯಲ್ಲಿ ಹತ್ತಿದ ಊರು, ಇಳಿಯುವ ಊರು, ವೇಳೆ ಎಲ್ಲ ಇರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ. ‘ರೊಕ್ಕ ಇಲ್ಲಂದ್ರ ಟಿಕೇಟ್ ಯಾಕರೀ?’ ಎಂದು ಕೇಳುವವರು ಇದ್ದಾರೆ. ಆ ಚೀಟಿಯ ಲೆಕ್ಕದ ಮೇಲೆಯೇ ಸರಕಾರದಿಂದ ಸಂಸ್ಥೆಗೆ ಹಣ ಬರಬೇಕು. ಅಷ್ಟೇ ಅಲ್ಲ, ಮುಂಜಾನೆ ಎಂಟಕ್ಕೆ ಯಾವ ಹಳ್ಳಿಯಿಂದ ಎಷ್ಟು ಮಂದಿ ಗದಗಕ್ಕೆ ಹೊರಡುತ್ತಾರೆ ಎಂದು ಹೇಳುವ ಸಾಕ್ಷಿಯೂ ಅದೇ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಒಂದು ಬಸ್ಸಿನ ವೇಳೆ ಹತ್ತು ನಿಮಿಷ ಹಿಂದೆ ಮುಂದೆ ಮಾಡುವ ಮೊದಲು ಈ ಚೀಟಿಗಳ ಮೇಲೆ ತಾಲೀಮು ನಡೆಸಿ ನೋಡಿದರೆ ಯಾರಿಗೂ ನಷ್ಟವಿಲ್ಲ.

ಅಂಗಡಿಯವರಿಗೆ ಒಂದು ಗಡಿಗೆ, ಮೂವತ್ತು ಚೀಟಿ

ಸಣ್ಣ ಅಂಗಡಿಗೆ ಕಂಪ್ಯೂಟರೂ ಬೇಕಿಲ್ಲ. ದಿನಕ್ಕೆ ಎಷ್ಟು ಡಬ್ಬಿ ಎಣ್ಣೆ ಹೋಯಿತೆಂದು ಒಂದು ತಿಂಗಳು ಬರೆದಿಡಬೇಕು. ಮೂವತ್ತು ದಿನದ ಅಂಕಿ ಮೂವತ್ತು ಚೀಟಿಯ ಮೇಲೆ ಬರೆದು ಗಡಿಗೆಗೆ ಹಾಕಬೇಕು. ಹುಬ್ಬಳ್ಳಿಯಿಂದ ಮಾಲು ಬರಲಿಕ್ಕೆ ಮೂರು ದಿನ ಹಿಡಿಯುತ್ತದೆ ಎಂದರೆ ಮೂರು ಚೀಟಿ ಎತ್ತಿ ಕೂಡಿಸಬೇಕು, ಮತ್ತೆ ಒಳಗೆ ಹಾಕಿ ಅಲುಗಾಡಿಸಿ ಮತ್ತೆ ಮೂರು ಎತ್ತಬೇಕು. ನೂರು ಸಲ ಹೀಗೆ ಮಾಡಿದಾಗ ತೊಂಬತ್ತೈದು ಸಲ ಮೊತ್ತ ಇಪ್ಪತ್ತೈದರ ಒಳಗೇ ಬಂತು ಎಂದರೆ, ಇಪ್ಪತ್ತೈದು ಡಬ್ಬಿ ಉಳಿದಾಗ ಆರ್ಡರ್ ಕೊಟ್ಟರೆ ಸಾಕು. ನಲವತ್ತು ಡಬ್ಬಿ ಇಟ್ಟು ರೊಕ್ಕ ಹೂಳಬೇಕಿಲ್ಲ, ಹತ್ತಕ್ಕೆ ಇಳಿಸಿ ಗಿರಾಕಿಯನ್ನು ಎದುರಿನ ಅಂಗಡಿಗೆ ಕಳಿಸಬೇಕಿಲ್ಲ. ಹಬ್ಬದ ತಿಂಗಳ ಚೀಟಿ ಬೇರೆ, ಆಷಾಢದ ಚೀಟಿ ಬೇರೆ ಎಂಬುದು ನೆನಪಿರಬೇಕು. ತಪ್ಪು ಅಂಕಿ ಹಾಕಿದರೆ ಗಡಿಗೆಯೂ ತಪ್ಪೇ ಹೇಳುತ್ತದೆ, ಕಂಪ್ಯೂಟರೂ ತಪ್ಪೇ ಹೇಳುತ್ತದೆ.

ಆಗಬೇಕಾದ್ದು

ಲೆಕ್ಕ ಬರೆದಿಡುವ ಕೆಲಸದಲ್ಲಿ ಗದಗ ತಾಲೂಕು ಯಾರಿಗೂ ಹಿಂದಲ್ಲ. ಏಷ್ಯಾದ ಮೊದಲ ಸಹಕಾರ ಸಂಘ ಎಂದು ಹೆಸರಾದದ್ದು 1905ರಲ್ಲಿ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಯಾರಿಗೆ ಎಷ್ಟು ಸಾಲ, ಯಾರಿಂದ ಎಷ್ಟು ವಸೂಲಿ ಎಂಬುದು ಸಾಹುಕಾರನ ಮನೆಯ ಗುಟ್ಟಾಗದೆ ಸಂಘದ ಪುಸ್ತಕಕ್ಕೆ ಬಂದಾಗಲೇ ಅದರ ಶಕ್ತಿ ಹುಟ್ಟಿದ್ದು. ಪುಸ್ತಕ ಬರೆದಿಟ್ಟರೆ ಸಾಲದು, ತೆರೆದು ಓದಬೇಕು ಎಂಬ ಪಾಠ ಅಂದಿನದೇ.

ಇಂದು ಗದಗ ಜಿಲ್ಲೆಯ ಮಾರುಕಟ್ಟೆಗಳ ಪುಸ್ತಕ ಕಂಪ್ಯೂಟರಿನಲ್ಲಿದೆ. ಅದನ್ನು ತೆರೆಯುವ ಕೆಲಸ ಮೂರು. ಹೆಸರಿನ ಪ್ರತಿ ಲಾಟಿಗೆ ಎಷ್ಟು ಮಂದಿ ದರ ಹಾಕಿದರು ಎಂಬುದನ್ನು ದಿನದ ದರದ ಜೊತೆಗೆ ಫಲಕದ ಮೇಲೆ ಬರೆಯುವುದು ಮೊದಲನೆಯದು. ಗದಗವೋ, ಮುಂಡರಗಿಯೋ, ಲಕ್ಷ್ಮೇಶ್ವರವೋ, ಒಂದು ಪೇಟೆಯಲ್ಲಿ ಒಂದು ಸುಗ್ಗಿಯ ಮಟ್ಟಿಗೆ ಹೆಸರಿಗೆ ಎರಡು ಸುತ್ತಿನ ಟೆಂಡರ್ ನಡೆಸಿ, ಉಳಿದ ಪೇಟೆಗಳ ದರದೊಂದಿಗೆ ಹೋಲಿಸುವುದು ಎರಡನೆಯದು. ಕಾಳು ಒಣಗಿಸುವ ಕಟ್ಟೆ, ತೇವ ಅಳೆಯುವ ಯಂತ್ರ ಎಲ್ಲ ರೈತರಿಗೂ ಸಿಗುವಂತೆ ಮಾಡಿ, ಆ ಅಂಕಿಯನ್ನೂ ಲಾಟಿನೊಂದಿಗೆ ಪರದೆಗೆ ಹಾಕುವುದು ಮೂರನೆಯದು. ಅಂದಾಗ ದೂರದ ಖರೀದಿದಾರನಿಗೂ ಧೈರ್ಯ ಬಂದೀತು. ಇದರಿಂದ ಖರೀದಿದಾರರಿಗೆ ಕೇಡಿಲ್ಲ. ಒಳ್ಳೆಯ ಮಾಲು ತಕ್ಕ ದರಕ್ಕೆ ಸಿಗುವ ಪೇಟೆಗೆ ಅವರೂ ಹೆಚ್ಚು ಬರುತ್ತಾರೆ.

ಒಂದು ಸುಗ್ಗಿಯ ತಾಲೀಮು ಸೋತರೆ ಹಳೆಯ ಪದ್ಧತಿ ಎಲ್ಲಿಗೂ ಹೋಗಿರುವುದಿಲ್ಲ. ಗೆದ್ದರೆ ಕ್ವಿಂಟಲಿಗೆ ಬರುವ ಮುನ್ನೂರು ನಾಲ್ಕುನೂರು ರೂಪಾಯಿ ದಸರಾ ಮುಗಿಯುವುದರೊಳಗೆ ಇದೇ ಬಜಾರಿನ ಗಲ್ಲಾಪೆಟ್ಟಿಗೆಗೆ ಬಂದು ಬೀಳುತ್ತದೆ.